ಹೆಜ್ಜೆಯ ಅಳತೆಯಲ್ಲೇ ಗೂಡು ಸೇರುವ ಮರುಭೂಮಿಯ ಇರುವೆ

ಸಕ್ಕರೆ ಡಬ್ಬಿಯವರೆಗೂ ಸಾಲುಗಟ್ಟಿ ಹೋಗುವ ನಮ್ಮ ಮನೆಯ ಇರುವೆಗಳಿಗೆ ದಾರಿ ತೋರಿಸುವುದು ಫೆರೊಮೋನ್ ಎಂಬ ರಾಸಾಯನಿಕ. ಆಹಾರ ಕಂಡ ಇರುವೆ ಅದನ್ನು ನೆಲಕ್ಕೆ ಸವರುತ್ತ ಮರಳುತ್ತದೆ, ಉಳಿದವು ಆ ಜಾಡು ಹಿಡಿಯುತ್ತವೆ. ಸಹಾರಾದಲ್ಲಿ ಈ ಉಪಾಯ ಅಷ್ಟಾಗಿ ಫಲಿಸದು. ಟುನೀಶಿಯಾದ ಉಪ್ಪಿನ ಬಯಲುಗಳಲ್ಲಿರುವ ಕ್ಯಾಟಗ್ಲಿಫಿಸ್ ಫಾರ್ಟಿಸ್ ಎಂಬ ಇರುವೆಯ ಆಹಾರವೆಂದರೆ ಬಿಸಿಲಿಗೆ ಸತ್ತು ಅಲ್ಲೊಂದು ಇಲ್ಲೊಂದು ಬಿದ್ದಿರುವ ಕೀಟಗಳು. ಒಂದು ಸಿಕ್ಕಲ್ಲಿ ಇನ್ನೊಂದು ಸಿಕ್ಕೀತೆಂಬ ಭರವಸೆಯಿಲ್ಲದ ಕಾರಣ ಸಂಗಾತಿಗಳನ್ನು ಕರೆತರುವುದರಲ್ಲಿ ಲಾಭವಿಲ್ಲ, ಸುಡುವ ನೆಲದಲ್ಲಿ ವಾಸನೆಯೂ ಹೆಚ್ಚು ಹೊತ್ತು ನಿಲ್ಲದು. ಆದ್ದರಿಂದ ಪ್ರತಿ ಇರುವೆಯೂ ಒಂಟಿಯಾಗಿ ಹೊರಟು, ಅತ್ತಿತ್ತ ತಿರುಗುತ್ತ ನೂರು ಮೀಟರ್‌ಗೂ ಆಚೆ ಹೋಗಿ ಹುಡುಕುತ್ತದೆ. ಆಹಾರ ಸಿಕ್ಕ ಕೂಡಲೇ ಬಂದ ಸುತ್ತುದಾರಿಯನ್ನು ಬಿಟ್ಟು ಗೂಡಿನತ್ತ ನೆಟ್ಟಗೆ ಓಡುತ್ತದೆ.

ಹಾಗೆ ಓಡಲು ದಿಕ್ಕೂ ದೂರವೂ ಗೊತ್ತಿರಬೇಕು. ಟುನೀಶಿಯಾದಲ್ಲಿ ವೈದ್ಯರಾಗಿದ್ದ ಸ್ವಿಟ್ಜರ್ಲೆಂಡಿನ ಫೆಲಿಕ್ಸ್ ಸ್ಯಾಂಚಿ 1911ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳ: ಸೂರ್ಯನನ್ನು ಮರೆಮಾಡಿ, ಎದುರು ಬದಿಯಿಂದ ಕನ್ನಡಿಯಲ್ಲಿ ಬಿಸಿಲು ಬೀರಿದಾಗ ಇರುವೆಗಳು ಹಿಮ್ಮುಖವಾಗಿ ತಿರುಗಿ ನಡೆದವು. ಸೂರ್ಯ ಕಾಣದಿದ್ದರೂ ನೀಲಿ ಆಕಾಶದ ಒಂದು ತುಣುಕು ಸಾಕು. ವಾತಾವರಣದಲ್ಲಿ ಚದುರಿದ ಬೆಳಕು ಧ್ರುವೀಕೃತವಾಗಿರುತ್ತದೆ, ಅಂದರೆ ಅದರ ಕಂಪನವು ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಹೆಚ್ಚಾಗಿರುತ್ತದೆ. ಸೂರ್ಯನ ಸ್ಥಾನಕ್ಕೆ ತಕ್ಕಂತೆ ಆಕಾಶದ ತುಂಬ ಹರಡಿರುವ ಈ ವಿನ್ಯಾಸವನ್ನು ಇರುವೆ ತನ್ನ ಸಂಯುಕ್ತ ಕಣ್ಣಿನ ಮೇಲಂಚಿನಿಂದ ಗ್ರಹಿಸುತ್ತದೆ. ಜ್ಯೂರಿಕ್‌ನ ರೂಡಿಗರ್ ವೇನರ್ ದಶಕಗಳ ಕಾಲ ಟುನೀಶಿಯಾಕ್ಕೆ ಹೋಗಿ ಈ ಇರುವೆಗಳನ್ನು ಅಭ್ಯಸಿಸಿದರು.

ದೂರದ ಲೆಕ್ಕದ ಗುಟ್ಟು ಹೊರಬಿದ್ದದ್ದು 2006ರಲ್ಲಿ, ವೇನರ್ ಜೊತೆಗೆ ವಿಟ್ಲಿಂಗರ್ ಮತ್ತು ವೋಲ್ಫ್ ನಡೆಸಿದ ಪ್ರಯೋಗದಿಂದ. ಗೂಡಿನಿಂದ 10 ಮೀಟರ್ ದೂರದ ಆಹಾರಕ್ಕೆ ಕಾಲುವೆಯಂಥ ನೇರ ದಾರಿಯಲ್ಲಿ ನಡೆದು ಬಂದ ಇರುವೆಗಳನ್ನು ಅಲ್ಲೇ ಹಿಡಿದು, ಕೆಲವಕ್ಕೆ ಹಂದಿಯ ಬಿರುಗೂದಲನ್ನು ಅಂಟಿಸಿ ಮರಗಾಲು ಕಟ್ಟಿದರು, ಕೆಲವುಗಳ ಕಾಲುಗಳನ್ನು ತುಂಡರಿಸಿ ಮೋಟು ಮಾಡಿದರು. ಮನಸ್ಸಿಗೆ ಕಸಿವಿಸಿ ತರುವ ಕೆಲಸವೇ ಇದು, ಆದರೆ ಉತ್ತರ ಮಾತ್ರ ನಿಚ್ಚಳವಾಗಿತ್ತು. ಮರಗಾಲಿನವು ಗೂಡು ಇರಬೇಕಾದ ಜಾಗವನ್ನು ದಾಟಿ ಸುಮಾರು 15 ಮೀಟರ್‌ವರೆಗೆ ಹೋಗಿ ಹುಡುಕತೊಡಗಿದವು, ಮೋಟುಗಾಲಿನವು 6 ಮೀಟರ್ ತುಂಬುವ ಮೊದಲೇ ನಿಂತವು. ಬರುವಾಗ ಇಟ್ಟಷ್ಟೇ ಹೆಜ್ಜೆಗಳನ್ನು ಮರಳುವಾಗಲೂ ಇಟ್ಟಿದ್ದವು. ಹೆಜ್ಜೆಯ ಉದ್ದ ಮಾತ್ರ ಬದಲಾಗಿತ್ತು. ಅದೇ ಇರುವೆಗಳು ಮುಂದೆ ಹೊಸ ಕಾಲಿನಲ್ಲೇ ಗೂಡಿನಿಂದ ಹೊರಟಾಗ, ಹೋಗುವ ಬರುವ ಹೆಜ್ಜೆಗಳು ಒಂದೇ ಅಳತೆಯವಾದ್ದರಿಂದ, ದೂರವನ್ನು ಸರಿಯಾಗಿಯೇ ಅಂದಾಜಿಸಿದವು.

ಇಂಥ ಲೆಕ್ಕದಲ್ಲಿ ಸಣ್ಣ ತಪ್ಪುಗಳು ಸೇರುತ್ತ ಹೋಗುವುದು ಅನಿವಾರ್ಯ, ಗೂಡಿನ ಬಾಯಿಯೋ ನೆಲದಲ್ಲಿನ ಒಂದು ಪುಟ್ಟ ತೂತು. ಲೆಕ್ಕ ಮುಗಿದರೂ ಗೂಡು ಸಿಗದಿದ್ದರೆ ಇರುವೆ ಆ ಬಿಂದುವನ್ನೇ ನಡುವಾಗಿಟ್ಟುಕೊಂಡು ಸುತ್ತು ಹಾಕುತ್ತದೆ, ಮತ್ತೆ ಮತ್ತೆ ಅಲ್ಲಿಗೇ ಮರಳುತ್ತ, ಪ್ರತಿ ಬಾರಿಯೂ ಇನ್ನಷ್ಟು ಆಚೆಗೆ ಹೋಗುತ್ತದೆ. ದೂರದಿಂದ ಮರಳಿದ ಇರುವೆ, ಹತ್ತಿರದಿಂದ ಬಂದದ್ದಕ್ಕಿಂತ ವಿಶಾಲವಾದ ಜಾಗದಲ್ಲಿ ಹುಡುಕುತ್ತದೆ. ತನ್ನ ಲೆಕ್ಕ ಎಷ್ಟು ತಪ್ಪಿರಬಹುದೆಂಬ ಅಂದಾಜೂ ಆ ಹುಡುಕಾಟದಲ್ಲಿ ಸೇರಿಕೊಂಡಿದೆ.