ಟ್ರಿಗರ್ ಒತ್ತುವ ಮೊದಲೇ ಬಗ್ಗುವ ಕೈ

"ಟಕ್."

ಅಷ್ಟೇ ಸದ್ದು. ಗುಂಡು ಹಾರಲಿಲ್ಲ, ಬೆಂಕಿ ಕಾಣಲಿಲ್ಲ. ಆದರೆ ನನ್ನ ಕೈಯಲ್ಲಿದ್ದ ರಿವಾಲ್ವರ್‌ನ ಮೂತಿ ಮಾತ್ರ ಎರಡು ಇಂಚು ಕೆಳಗೆ ಮುಗ್ಗರಿಸಿತು. ಪಕ್ಕದಲ್ಲಿದ್ದ ಕೋಚ್ ಬಾಯಿ ಮುಚ್ಚಿಕೊಂಡು ನಕ್ಕ. ಐದು ಜೀವಂತ ತೋಟಾಗಳ ನಡುವೆ ಆಗಲೇ ಸಿಡಿದಿದ್ದ ಒಂದು ಖಾಲಿ ತೋಟಾವನ್ನು ನನಗೆ ಕಾಣದ ಹಾಗೆ ಸೇರಿಸಿ ಕೊಟ್ಟಿದ್ದ. ಗನ್ ಒದೆಯುವ ಪ್ರಶ್ನೆಯೇ ಇರಲಿಲ್ಲ. ಆದರೂ ನನ್ನ ಮಣಿಕಟ್ಟು ಒದೆತವನ್ನು ತಡೆಯಲು ಮೊದಲೇ ಹೊರಟುಬಿಟ್ಟಿತ್ತು.

ಇದು ಟೆಕ್ಸಸ್‌ನ ಒಂದು ಒಳಾಂಗಣ ಶೂಟಿಂಗ್ ರೇಂಜಿನ ಕಥೆ. ಇಲ್ಲಿ ನೆಲೆಸಿ ಬಹಳ ವರ್ಷ ಆಯ್ತು. ತಿಂಗಳಿಗೊಮ್ಮೆ ಶನಿವಾರ ಹೋಗಿ 9 ಎಂಎಂ ಪಿಸ್ತೂಲಿನಲ್ಲಿ ಐವತ್ತು ಗುಂಡು ಹಾರಿಸಿ ಬರುವುದು ಅಭ್ಯಾಸ. ಊರಿನಲ್ಲಿ ಇದನ್ನು ಹೇಳಿದರೆ ಜನ ಹುಬ್ಬೇರಿಸುತ್ತಾರೆ. ಭಾರತದಲ್ಲಿ 9 ಎಂಎಂ ಸೇನೆ, ಪೊಲೀಸರಿಗೆ ಮೀಸಲು. ಲೈಸೆನ್ಸ್ ಇರುವ ಸಾಮಾನ್ಯರ ಕೈಯಲ್ಲಿ ಹೆಚ್ಚಾಗಿ ಕಾಣುವುದು .32 ರಿವಾಲ್ವರ್. ಆವತ್ತು ಮಾತ್ರ, ಸುಮ್ನೆ ಒಂದು ಸಲ ದೊಡ್ಡದನ್ನೂ ನೋಡೋಣ ಅಂತ .44 ಮ್ಯಾಗ್ನಮ್ ರಿವಾಲ್ವರ್ ಬಾಡಿಗೆಗೆ ಕೇಳಿದೆ. ಕಿವಿಯೊಳಗೆ ಬಿರಡೆ, ಅದರ ಮೇಲೆ ಕಿವಿ ಮುಚ್ಚುವ ಮಫ್ ಹಾಕಿಕೋ ಅಂದರು. ಇದರ ಸದ್ದು 160 ಡೆಸಿಬಲ್ ಆಸುಪಾಸು. 140 ದಾಟಿದರೆ ಒಂದೇ ಸದ್ದಿಗೂ ಕಿವಿ ಹಾಳಾಗಬಹುದು. ಎರಡು ಪದರ ಬೇಕೇ ಬೇಕು.

ತೋಟಾದ ಡಬ್ಬಿಯ ಮೇಲೆ "240 ಗ್ರೇನ್" ಅಂತ ಬರೆದಿತ್ತು. ಗ್ರೇನ್ ಎಂದರೆ ಕಾಳು. ಒಂದು ಕಾಲದಲ್ಲಿ ಜವೆಗೋಧಿಯ ಕಾಳಿನ ತೂಕ. ನಮ್ಮ ಅಕ್ಕಸಾಲಿಗರು ಗುಲಗಂಜಿ ಇಟ್ಟು ಚಿನ್ನ ತೂಗಿದ ಹಾಗೆಯೇ. ಒಂದು ಗುಲಗಂಜಿ ಎರಡು ಗ್ರೇನ್‌ಗಿಂತ ತುಸು ಕಡಿಮೆ. ಅಂದರೆ ಈ ಗುಂಡು ನೂರಿಪ್ಪತ್ತೆಂಟು ಗುಲಗಂಜಿಯಷ್ಟು, 15.6 ಗ್ರಾಂ. ನನ್ನ 9 ಎಂಎಂ ಗುಂಡು 115 ಗ್ರೇನ್, ಏಳೂವರೆ ಗ್ರಾಂ.

ಇಲ್ಲೊಂದು ತಮಾಷೆ ಇದೆ. ದೊಡ್ಡ ಗನ್ ಅಂದರೆ ಒಳಗೆ ಒತ್ತಡ ಜಾಸ್ತಿ ಅಂತ ನಾನು ನಂಬಿದ್ದೆ. ಅದು ತಪ್ಪು. ಅಮೆರಿಕದ ತೋಟಾ ತಯಾರಕರು ಒಪ್ಪಿಕೊಂಡಿರುವ ಗರಿಷ್ಠ ಒತ್ತಡ 9 ಎಂಎಂಗೆ 35,000 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್), .44 ಮ್ಯಾಗ್ನಮ್‌ಗೆ 36,000. ಹೆಚ್ಚುಕಡಿಮೆ ಒಂದೇ. ಎರಡೂ ಕಾರಿನ ಟೈರಿನ ಗಾಳಿಗಿಂತ ಸಾವಿರ ಪಟ್ಟು ಮೇಲೆ.

ಹಾಗಾದರೆ ಬಲ ಬರೋದು ಎಲ್ಲಿಂದ? ಒಂದು, ಆ ಒತ್ತಡಕ್ಕೆ ಬೆನ್ನು ಕೊಡುವ ಜಾಗ. ಮ್ಯಾಗ್ನಮ್ ಗುಂಡಿನ ಅಡ್ಡಳತೆ 10.9 ಮಿಲಿಮೀಟರ್ (ಹೆಸರಿನಲ್ಲಿ .44 ಇಂಚು ಇದ್ದರೂ ನಿಜವಾಗಿ .429). ಅದರ ಬೆನ್ನು 9 ಎಂಎಂ ಗುಂಡಿನ ಬೆನ್ನಿಗಿಂತ ಒಂದೂವರೆ ಪಟ್ಟು ಅಗಲ. ಇನ್ನೊಂದು, ಮದ್ದು. 9 ಎಂಎಂ ತೋಟಾದಲ್ಲಿ ಇರುವುದಕ್ಕಿಂತ ನಾಲ್ಕು ಪಟ್ಟು ಮದ್ದು ಇದರಲ್ಲಿ, ಸುಮಾರು ಒಂದೂವರೆ ಗ್ರಾಂ. ಅದೂ ನಿಧಾನವಾಗಿ ಉರಿಯುವ ಜಾತಿ. ಪಟಾಕಿಯ ಹಾಗೆ ಒಮ್ಮೆಗೇ ಢಂ ಅನ್ನದೆ, ಗುಂಡು ನಳಿಗೆಯಲ್ಲಿ ಓಡುವಷ್ಟು ದೂರ ಅದರ ಬೆನ್ನ ಹಿಂದೆಯೇ ಓಡುತ್ತಾ ನೂಕುತ್ತದೆ. ಕೆಟ್ಟುನಿಂತ ಜೀಪನ್ನು ನಾಲ್ಕು ಹೆಜ್ಜೆ ನೂಕುವುದಕ್ಕೂ ನಲವತ್ತು ಹೆಜ್ಜೆ ನೂಕುವುದಕ್ಕೂ ಇರುವ ವ್ಯತ್ಯಾಸ ಇದು.

ಕೋಚ್ ಮೊದಲು ಮ್ಯಾಗ್ನಮ್ ತೋಟಾ ಕೊಡಲಿಲ್ಲ. ಅದೇ ರಿವಾಲ್ವರ್‌ಗೆ ಆರು .44 ಸ್ಪೆಷಲ್ ತುಂಬಿದ. ಮ್ಯಾಗ್ನಮ್‌ನ ಅಣ್ಣ ಇದು. ಗುಂಡಿನ ತೂಕ ಹೆಚ್ಚುಕಡಿಮೆ ಅಷ್ಟೇ, ಮದ್ದು ಮಾತ್ರ ಕಡಿಮೆ. 1955ರಲ್ಲಿ ಮ್ಯಾಗ್ನಮ್ ಮಾರುಕಟ್ಟೆಗೆ ಬಂದಾಗ ಅದರ ತೋಟಾವನ್ನು ಬೇಕಂತಲೇ ಮೂರು ಮಿಲಿಮೀಟರ್ ಉದ್ದ ಮಾಡಿದರು. ಹಳೆಯ ಸ್ಪೆಷಲ್ ಗನ್ನಿಗೆ ಯಾರಾದರೂ ಮರೆತು ತುಂಬಿದರೆ ಅದು ಒಳಗೆ ಕೂರಬಾರದು ಅಂತ. ಆದರೆ ಸ್ಪೆಷಲ್ ತೋಟಾ ಮ್ಯಾಗ್ನಮ್ ಗನ್ನಿನಲ್ಲಿ ಆರಾಮಾಗಿ ಕೂರುತ್ತದೆ. ಹೀಗಾಗಿ ಇದೊಂದು ಅಚ್ಚುಕಟ್ಟಾದ ಪ್ರಯೋಗ. ಅದೇ ಗನ್, ಅದೇ ಕೈ, ಅದೇ ತೂಕದ ಗುಂಡು. ಬದಲಾಗುವುದು ವೇಗ ಮಾತ್ರ.

ಸ್ಪೆಷಲ್ ಮೆತ್ತಗೆ ನೂಕಿತು. 9 ಎಂಎಂಗಿಂತ ಏನೂ ಹೆಚ್ಚಲ್ಲ ಅನ್ನಿಸಿತು. ಆಮೇಲೆ ಮ್ಯಾಗ್ನಮ್. ಅಬ್ಬಾ! ಅಂಗೈಯ ಬುಡಕ್ಕೆ ಯಾರೋ ಮರದ ಕೊಡತಿಯಲ್ಲಿ ಹೊಡೆದ ಹಾಗಾಯಿತು. ನಳಿಗೆ ಚಾವಣಿ ನೋಡುತ್ತಿತ್ತು.

ಆಮೇಲೆ ಲೆಕ್ಕ ಹಾಕಿದೆ. ಗುಂಡು ಮತ್ತು ಗ್ಯಾಸು ಮುಂದಕ್ಕೆ ಒಯ್ಯುವ ಸಂವೇಗದಷ್ಟೇ (ತೂಕ ಗುಣಿಸು ವೇಗ) ಸಂವೇಗ ಗನ್ನಿಗೆ ಹಿಂದಕ್ಕೆ ಸಿಗಬೇಕು. ಇದು ಹೈಸ್ಕೂಲಿನ ನ್ಯೂಟನ್. ಸ್ಪೆಷಲ್ ಗುಂಡು ಸೆಕೆಂಡಿಗೆ ಸುಮಾರು 230 ಮೀಟರ್ ಓಡುತ್ತದೆ, ಮ್ಯಾಗ್ನಮ್ ಸುಮಾರು 420. ಮದ್ದಿನ ಗ್ಯಾಸನ್ನೂ ಸೇರಿಸಿದರೆ ಸಂವೇಗ ಸರಿಸುಮಾರು ಎರಡು ಪಟ್ಟು. ಅಂದರೆ 1.35 ಕಿಲೋ ತೂಕದ ಈ ರಿವಾಲ್ವರ್ ಮೊದಲಿನದರಲ್ಲಿ ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿ, ಎರಡನೆಯದರಲ್ಲಿ ಆರು ಮೀಟರ್ ವೇಗದಲ್ಲಿ ಹಿಂದೆ ಬರುತ್ತದೆ. ಆದರೆ ಚಲನಶಕ್ತಿ ವೇಗದ ವರ್ಗದ ಜೊತೆ ಏರುತ್ತದೆ. ಹೀಗಾಗಿ ಅಂಗೈ ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. ಆರೇಳು ಜೂಲ್ ಇದ್ದದ್ದು ಇಪ್ಪತ್ತೈದರ ಹತ್ತಿರ. ವೇಗ ಇಮ್ಮಡಿಯಾದರೆ ನೋವು ನಾಲ್ಮಡಿ.

ನನ್ನ ಪಿಸ್ತೂಲಿನಲ್ಲಿ ಮೇಲಿನ ಸ್ಲೈಡು ಹಿಂದೆ ಸರಿದು ಸ್ಪ್ರಿಂಗನ್ನು ಅದುಮುತ್ತದೆ. ಒದೆತ ಸ್ವಲ್ಪ ಸಮಯಕ್ಕೆ ಹಂಚಿಹೋಗುತ್ತದೆ. ರಿವಾಲ್ವರ್‌ನಲ್ಲಿ ಆ ಮಧ್ಯವರ್ತಿ ಇಲ್ಲ. ಕೊಡಗಿನ ಕೈಲ್‌ಪೋದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಡುವವರಿಗೆ ಭುಜವಾದರೂ ಇದೆ. ಕೋವಿಯ ಹಿಡಿ ಭುಜಕ್ಕೆ ಒತ್ತಿದರೆ ಇಡೀ ಮೈ ಒದೆತಕ್ಕೆ ಆಸರೆ. ಇಲ್ಲಿ ಇರುವುದು ಹೆಬ್ಬೆರಳಿನ ಬುಡ, ಅದರ ಹಿಂದೆ ಮಣಿಕಟ್ಟು. ಜೊತೆಗೆ ನಳಿಗೆ ಇರುವುದು ಕೈಯ ಮೇಲೆ, ಹಿಡಿತ ಇರುವುದು ಕೆಳಗೆ. ಹಿಂದಕ್ಕೆ ನೂಕಿದ ಬಲ ಗನ್ನನ್ನು ಬಾಗಿಲಿನ ಹಾಗೆ ಮೇಲಕ್ಕೆ ತಿರುಗಿಸುತ್ತದೆ.

ಅಂದಹಾಗೆ, ಸಿನಿಮಾದಲ್ಲಿ ಗುಂಡು ತಗುಲಿದವನು ಗೋಡೆ ಒಡೆದುಕೊಂಡು ಹಾರುತ್ತಾನಲ್ವಾ? ಮ್ಯಾಗ್ನಮ್ ಗುಂಡಿನ ಸಂವೇಗವನ್ನು 70 ಕಿಲೋ ಮನುಷ್ಯನಿಗೆ ಹಂಚಿದರೆ ಸೆಕೆಂಡಿಗೆ ಒಂಬತ್ತೇ ಸೆಂಟಿಮೀಟರ್ ವೇಗ. ಅವನು ಹಾರುವುದಾದರೆ ಹೊಡೆದವನೂ ಹಾರಬೇಕು.

ಮತ್ತೆ ಗನ್ನಿಗೆ ಬರೋಣ. ಗುಂಡು ನಳಿಗೆ ದಾಟಲು ಬೇಕಾಗುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ರಿವಾಲ್ವರ್ ಹಿಂದೆ ಸರಿದಿರುವುದು ಎರಡೇ ಮಿಲಿಮೀಟರ್. ಚಾವಣಿ ನೋಡುವ ನಾಟಕವೆಲ್ಲ ಗುಂಡು ಹೋದ ಮೇಲೆ. ಆದರೆ ಆ ಎರಡು ಮಿಲಿಮೀಟರ್ ಸುಮ್ಮನೆ ಅಲ್ಲ. ಅಷ್ಟರಲ್ಲೇ ಮೂತಿ ಒಂದಿಷ್ಟು ಎದ್ದಿರುತ್ತದೆ. ಗುಂಡು ಭಾರವಾದಷ್ಟೂ ಇದು ಜಾಸ್ತಿ. ಅದಕ್ಕೇ ದೊಡ್ಡ ರಿವಾಲ್ವರ್‌ನ ಮುಂದಿನ ಗುರಿಕಣ್ಣು (ಗುರಿ ನೋಡಲು ನಳಿಗೆಯ ಮೇಲಿರುವ ಮೊಳೆ) ಎತ್ತರವಾಗಿರುತ್ತದೆ. ಕಣ್ಣಳತೆಯಲ್ಲಿ ಗುರಿ ನೇರ ಇಟ್ಟಾಗ ನಳಿಗೆ ನಿಜವಾಗಿ ತುಸು ಕೆಳಗೆ ನೋಡುತ್ತಿರುತ್ತದೆ. ಒದೆತ ಅದನ್ನು ಎತ್ತಿ ಸರಿಮಾಡಲಿ ಅಂತ. ಬಾಡಿಗೆ ಗನ್ನನ್ನು ಖಾಲಿ ಮಾಡಿ, ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿದೆ. ಹೌದು, ನಳಿಗೆಯ ಗೆರೆಯೂ ಗುರಿಯ ಗೆರೆಯೂ ಸಮಾನಾಂತರವಾಗಿಲ್ಲ.

ಹಾಗಾದರೆ ನನ್ನ ಕಾಗದದಲ್ಲಿ ಮ್ಯಾಗ್ನಮ್ ತೂತುಗಳೆಲ್ಲ ಗುರಿಗಿಂತ ಒಂದು ಗೇಣು ಕೆಳಗೆ ಬಿದ್ದದ್ದು ಯಾಕೆ? ಒದೆತದ ದೆಸೆಯಿಂದ ಅಂತ ಹೇಳುವ ಹಾಗಿಲ್ಲ. ಸದ್ದಿಗೆ ಬೆಚ್ಚಿ ಕಣ್ಣು ಮಿಟುಕಿಸುವುದು ನಮ್ಮ ಮೈಯ ಅತಿ ಚುರುಕಾದ ಪ್ರತಿಕ್ರಿಯೆಗಳಲ್ಲಿ ಒಂದು. ಅದಕ್ಕೂ ಮೂವತ್ತು ನಲವತ್ತು ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತಿಗೆ ಗುಂಡು ಕಾಗದ ದಾಟಿರುತ್ತದೆ. ಸಿಡಿದ ಮೇಲೆ ಏನು ಹೆದರಿದರೂ ಗುರಿ ಕೆಡುವುದಿಲ್ಲ.

ಕೆಡಿಸುವುದು ಮುಂದಾಗಿ ಹೆದರುವ ಕೈ. ಮಿದುಳು ಕಳೆದ ಏಟನ್ನು ನೆನಪಿಟ್ಟುಕೊಂಡು, ಬೆರಳು ಟ್ರಿಗರ್ ಎಳೆಯುವ ಆ ಗಳಿಗೆಯಲ್ಲೇ ಮಣಿಕಟ್ಟನ್ನು ಕೆಳಗೆ ಅದುಮುತ್ತದೆ. ಮೆಟ್ಟಿಲು ಮುಗಿದರೂ ಇನ್ನೊಂದಿದೆ ಅಂತ ಕಾಲು ಇಡುತ್ತೇವಲ್ಲ, ಹಾಗೆ. ಶೂಟರ್‌ಗಳು ಇದನ್ನು ಫ್ಲಿಂಚ್ ಅನ್ನುತ್ತಾರೆ. ಎರಡು ಗುರಿಕಣ್ಣುಗಳ ನಡುವೆ ಇಪ್ಪತ್ತು ಸೆಂಟಿಮೀಟರ್ ಇದ್ದರೆ, ಮುಂದಿನದು ಒಂದು ಮಿಲಿಮೀಟರ್ ಇಳಿದರೂ ಹತ್ತು ಮೀಟರ್ ದೂರದಲ್ಲಿ ಐದು ಸೆಂಟಿಮೀಟರ್ ಕೆಳಗೆ. ನಿಜವಾಗಿ ಸಿಡಿದಾಗ ಈ ತಪ್ಪು ಕಣ್ಣಿಗೆ ಕಾಣುವುದಿಲ್ಲ, ಸದ್ದು ಮತ್ತು ಬೆಂಕಿ ಮುಚ್ಚಿಹಾಕುತ್ತವೆ. ಖಾಲಿ ತೋಟಾ ಟಕ್ ಅಂದಾಗ ಮಾತ್ರ ಬಟಾಬಯಲು.

ಮ್ಯಾಗ್ನಮ್ ಹನ್ನೆರಡಕ್ಕೇ ಸಾಕಾಯಿತು. ಹೆಬ್ಬೆರಳ ಬುಡ ಕೆಂಪಗಾಗಿತ್ತು. ಅದನ್ನು ವಾಪಸ್ ಕೊಟ್ಟು .22 ಪಿಸ್ತೂಲ್ ತೆಗೆದುಕೊಂಡೆ. ಗುಂಡು ಎರಡೂವರೆ ಗ್ರಾಂ ಚಿಲ್ಲರೆ, ಒದೆತ ಅರ್ಧ ಜೂಲ್ ಕೂಡ ಇಲ್ಲ. ಮಗುವೂ ಹಾರಿಸಬಹುದು. ಮೊದಲ ಐದು ಗುಂಡುಗಳೂ ಕೆಳಗೇ ಬಿದ್ದವು. ಗನ್ ಬದಲಾಗಿದೆ ಅನ್ನುವ ಸುದ್ದಿ ಕೈಗೆ ಇನ್ನೂ ತಲುಪಿರಲಿಲ್ಲ. ಆರನೆಯದು ಕಪ್ಪು ಬೊಟ್ಟಿನ ಅಂಚಿಗೆ ತಾಗಿತು. ಕೋಚ್ ಮಾತಾಡದೆ ಇನ್ನೊಂದು ಡಬ್ಬಿ ತಂದು ಪಕ್ಕದಲ್ಲಿಟ್ಟ.