ಬಾಂಡ್‌ನ ಶತ್ರು ಸ್ಮೆರ್ಶ್ ನಿಜವಾಗಿಯೂ ಇತ್ತೇ?

ಪ್ರಶ್ನೆ: ಜೇಮ್ಸ್ ಬಾಂಡ್ ಕಾದಂಬರಿಗಳಲ್ಲಿ ಬರುವ ‘ಸ್ಮೆರ್ಶ್’ ಎಂಬ ರಷ್ಯನ್ ಕೊಲೆಗಡುಕರ ಸಂಸ್ಥೆ ನಿಜವಾಗಿಯೂ ಇತ್ತೇ? ಈಗಲೂ ಗುಟ್ಟಾಗಿ ಕೆಲಸ ಮಾಡುತ್ತಿದೆಯೇ?

ಉತ್ತರ: ಇತ್ತು. ಈಗ ಇಲ್ಲ. ಇದ್ದಾಗಲೂ ಅದು ಬಾಂಡ್‌ನ ಬೆನ್ನುಹತ್ತುವ ಕೊಲೆಗಡುಕರ ಕೂಟವಾಗಿರಲಿಲ್ಲ. ಇದನ್ನೇ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಪ್ರಶ್ನೆ ಇನ್ನೊಬ್ಬರ ಹೆಸರು ಹೊತ್ತು ಬರುತ್ತದೆ. ಈ ಸಲ ವಿವರವಾಗಿಯೇ ಬರೆಯುತ್ತೇನೆ, ದಯವಿಟ್ಟು ತೆಗೆದಿಟ್ಟುಕೊಳ್ಳಿ.

‘ಸ್ಮೆರ್ತ್ ಶ್ಪಿಯೋನಾಮ್’ ಎಂದರೆ ರಷ್ಯನ್ ಭಾಷೆಯಲ್ಲಿ ‘ಗೂಢಚಾರರಿಗೆ ಸಾವು’. ಅದನ್ನು ಕತ್ತರಿಸಿ ಜೋಡಿಸಿದರೆ ಸ್ಮೆರ್ಶ್. ಸ್ಟಾಲಿನ್‌ಗ್ರಾಡ್ ಕದನ ಮುಗಿದು ಎರಡೂವರೆ ತಿಂಗಳಾಗಿತ್ತು. 1943ರ ಏಪ್ರಿಲ್ 19ರಂದು ಆದೇಶ ಹೊರಬಿತ್ತು. ಅಲ್ಲಿಯವರೆಗೆ ಸೇನೆಯೊಳಗಿನ ಗೂಢಚಾರರನ್ನು ಹಿಡಿಯುವ ಕೆಲಸ ಬೆರಿಯಾ ನಡೆಸುತ್ತಿದ್ದ ಎನ್‌ಕೆವಿಡಿಯ, ಅಂದರೆ ಸೋವಿಯತ್ ಗುಪ್ತ ಪೊಲೀಸ್ ಖಾತೆಯ, ವಿಶೇಷ ವಿಭಾಗಗಳದ್ದಾಗಿತ್ತು. ಅದನ್ನು ಬೆರಿಯಾನಿಂದ ಬಿಡಿಸಿ ರಕ್ಷಣಾ ಖಾತೆಗೆ ಸೇರಿಸಿದರು. ರಕ್ಷಣಾ ಖಾತೆ ಯಾರ ಬಳಿ ಇತ್ತು? ಸ್ಟಾಲಿನ್ ಬಳಿಯೇ. ಮುಖ್ಯಸ್ಥ ವಿಕ್ಟರ್ ಅಬಾಕುಮೊವ್ ವರದಿ ಒಪ್ಪಿಸುತ್ತಿದ್ದುದು ನೇರವಾಗಿ ಅವನಿಗೆ. ನೌಕಾಪಡೆಗೂ ಎನ್‌ಕೆವಿಡಿಗೂ ಇದೇ ಹೆಸರಿನ ಪ್ರತ್ಯೇಕ ವಿಭಾಗಗಳಿದ್ದವು. ಆದರೆ ಸ್ಮೆರ್ಶ್ ಎಂದಾಗ ಜನ ನೆನೆಯುವುದು ಅಬಾಕುಮೊವ್‌ನದನ್ನೇ. 1946ರ ಮೇ ತಿಂಗಳಲ್ಲಿ ಅದು ರಾಜ್ಯ ಭದ್ರತಾ ಸಚಿವಾಲಯದೊಳಗೆ ಕರಗಿಹೋಯಿತು. ಒಟ್ಟು ಆಯುಸ್ಸು ಮೂರು ವರ್ಷ ಚಿಲ್ಲರೆ.

ಇನ್ನು ಆ ಹಟಮಾರಿ ಕಟ್ಟುಕತೆ. ಇಯಾನ್ ಫ್ಲೆಮಿಂಗ್ ಬಾಂಡ್‌ನ ಮೊದಲ ಕಾದಂಬರಿಯನ್ನು 1953ರಲ್ಲಿ ತಂದಾಗ ಸ್ಮೆರ್ಶ್ ಮುಚ್ಚಿ ಏಳು ವರ್ಷವಾಗಿತ್ತು. ಅವನು ಅಲ್ಲಿಗೇ ನಿಲ್ಲಲಿಲ್ಲ. 1957ರ ಕಾದಂಬರಿಯ ಮುನ್ನುಡಿಯಲ್ಲಿ, ಈ ಸಂಸ್ಥೆ ನಿಜವಾಗಿಯೂ ಇದೆ, ಇಂದಿಗೂ ಇದೆ ಎಂದು ಗಂಭೀರವಾಗಿ ಬರೆದು, ಮಾಸ್ಕೋದ ಬೀದಿಯ ಹೆಸರು, ಮನೆ ಸಂಖ್ಯೆ ಸಮೇತ ವಿಳಾಸ ಕೊಟ್ಟ. ಯುದ್ಧಕಾಲದಲ್ಲಿ ಬ್ರಿಟಿಷ್ ನೌಕಾ ಗುಪ್ತಚರ ವಿಭಾಗದಲ್ಲಿ ದುಡಿದವನು ಹೇಳಿದ ಮೇಲೆ ಓದುಗರು ನಂಬದೆ ಇರುತ್ತಾರೆಯೇ? ವಿಳಾಸ ಕೊಟ್ಟು ಹೇಳಿದ ಸುಳ್ಳಿಗೆ ಆಯುಸ್ಸು ಜಾಸ್ತಿ. ನಿಜವಾದ ಕಚೇರಿ ಇದ್ದದ್ದು ಮಾಸ್ಕೋದಲ್ಲಿ ಗುಪ್ತ ಪೊಲೀಸರ ನೆಲೆಯಾದ ಲುಬ್ಯಾಂಕಾದಲ್ಲಿ.

ಇದರ ಬಾಲ ಹಿಡಿದು ಇನ್ನೊಂದು ಬರುತ್ತದೆ: ಟ್ರಾಟ್‌ಸ್ಕಿಯನ್ನು, ಅಂದರೆ ದೇಶಭ್ರಷ್ಟನಾದ ಸ್ಟಾಲಿನ್‌ನ ಎದುರಾಳಿಯನ್ನು, ಕೊಂದದ್ದು ಸ್ಮೆರ್ಶ್ ಅಲ್ಲವೇ ಸರ್? ಅಲ್ಲ. ಮೆಕ್ಸಿಕೋದಲ್ಲಿ ಟ್ರಾಟ್‌ಸ್ಕಿಯ ತಲೆಗೆ ಏಟು ಬಿದ್ದದ್ದು 1940ರ ಆಗಸ್ಟ್‌ನಲ್ಲಿ. ಸ್ಮೆರ್ಶ್ ಹುಟ್ಟಿದ್ದು 1943ರಲ್ಲಿ. ಹುಟ್ಟದ ಮಗುವಿನ ಮೇಲೆ ಕೊಲೆ ಮೊಕದ್ದಮೆ ಹೂಡುವುದು ಹೇಗೆ? ಆ ಕೊಲೆಯ ಸೂತ್ರ ಹಿಡಿದವನು ಎನ್‌ಕೆವಿಡಿಯ ಪಾವೆಲ್ ಸುದೊಪ್ಲಾತೊವ್. ಹೊರದೇಶಗಳಲ್ಲಿ ಇಂಥ ಕೆಲಸ ಮಾಡಿಸುವವರು ಬೇರೆಯೇ ಇದ್ದರು.

ಗೊಂದಲವೆಲ್ಲ ಒಂದೇ ಪದದ್ದು. ಬೇಹುಗಾರಿಕೆ ಎಂದರೆ ಪಕ್ಕದ ಮನೆಯೊಳಗೆ ಇಣುಕುವುದು. ಪ್ರತಿಬೇಹುಗಾರಿಕೆ ಎಂದರೆ ನಮ್ಮ ಮನೆಯೊಳಗೆ ಇಣುಕುತ್ತಿರುವವನನ್ನು ಹಿಡಿಯುವುದು. ಸ್ಮೆರ್ಶ್‌ನದು ಎರಡನೆಯ ಕೆಲಸ. ಆದ್ದರಿಂದ ಅದರ ಕಣ್ಣು ಹೆಚ್ಚಾಗಿ ನೆಟ್ಟಿದ್ದು ಲಂಡನ್ನಿನ ಮೇಲಲ್ಲ, ಕೆಂಪು ಸೇನೆಯ ಮೇಲೆ. ಪಡೆಗಳ ತುಂಬ ಅದರ ಮಾಹಿತಿದಾರರಿದ್ದರು. ಓಡಿಹೋದವರು, ಯುದ್ಧ ತಪ್ಪಿಸಿಕೊಳ್ಳಲು ತಮಗೆ ತಾವೇ ಗಾಯ ಮಾಡಿಕೊಂಡವರು, ಜರ್ಮನ್ನರ ಸೆರೆಯಿಂದ ಬದುಕಿ ಬಂದವರು ಎಲ್ಲರೂ ಅದರ ಜರಡಿಗೆ ಬೀಳಬೇಕಿತ್ತು. ‘ಸೆರೆಯಲ್ಲಿ ಸಾಯದೆ ಹೇಗೆ ಉಳಿದೆ?’ ಎಂಬುದೇ ಅಲ್ಲಿ ಆರೋಪವಾಗಬಹುದಿತ್ತು.

ಫಿರಂಗಿ ದಳದ ಒಬ್ಬ ಕ್ಯಾಪ್ಟನ್ ಗೆಳೆಯನಿಗೆ ಬರೆದ ಕಾಗದಗಳಲ್ಲಿ ಸ್ಟಾಲಿನ್‌ನನ್ನು ಟೀಕಿಸಿದ್ದ. 1945ರ ಫೆಬ್ರುವರಿಯಲ್ಲಿ ಪೂರ್ವ ಪ್ರಶ್ಯಾದ ರಣರಂಗದಲ್ಲಿಯೇ ಸ್ಮೆರ್ಶ್ ಅವನನ್ನು ಬಂಧಿಸಿತು. ಎಂಟು ವರ್ಷ ಶಿಕ್ಷೆಯಾಯಿತು. ಅವನೇ ಮುಂದೆ ಹೆಸರಾಂತ ಲೇಖಕನಾದ ಸೋಲ್ಜೆನಿತ್ಸಿನ್. ಈ ಪ್ರಕರಣದಲ್ಲಿ ಗೂಢಚಾರ ಎಲ್ಲಿದ್ದಾನೆ ಹೇಳಿ?

ಹಾಗೆಂದು ನಿಜವಾದ ಗೂಢಚಾರರನ್ನು ಹಿಡಿಯಲೇ ಇಲ್ಲವೆಂದಲ್ಲ. ಪ್ಯಾರಾಚೂಟ್‌ನಲ್ಲಿ ಇಳಿದ ಜರ್ಮನ್ ಏಜೆಂಟರನ್ನು ರೇಡಿಯೋ ಸಮೇತ ಹಿಡಿದು, ಅವರ ಕೈಯಿಂದಲೇ ಸುಳ್ಳು ಸಂದೇಶ ಕಳುಹಿಸುತ್ತಿದ್ದರು. ‘ರೇಡಿಯೋ ಆಟ’ ಎಂದು ಅದರ ಹೆಸರು. ನಂಬಿದ ಜರ್ಮನ್ನರು ಇನ್ನಷ್ಟು ಏಜೆಂಟರನ್ನೂ ಆಯುಧಗಳನ್ನೂ ಕಳುಹಿಸುತ್ತಿದ್ದರು. ಕೆಳಗೆ ಸ್ಮೆರ್ಶ್‌ನವರು ಕಾದು ನಿಂತಿರುತ್ತಿದ್ದರು. ನನ್ನ ಮಟ್ಟಿಗೆ ಆ ಸಂಸ್ಥೆಯ ನಿಜವಾದ ಜಾಣ್ಮೆ ಇದೇ. ಕಾದಂಬರಿಗಳಿಗೆ ಮಾತ್ರ ಇದು ಬೇಡ, ವಿಷ ಸವರಿದ ಕತ್ತಿ ಅಡಗಿಸಿದ ಶೂ ಬೇಕು.

ಯಾರೂ ಕೇಳಲಿಲ್ಲ, ಆದರೂ ಹೇಳದೆ ಬಿಡಲಾರೆ: ಹಿಟ್ಲರ್‌ನ ಶವ ಪತ್ತೆಯಾದದ್ದೂ ಇವರ ಕೈಗೇ. 1945ರ ಮೇ ಮೊದಲ ವಾರ, ಬರ್ಲಿನ್ನಿನ ಚಾನ್ಸೆಲರಿಯ ತೋಟದಲ್ಲಿ ಸುಟ್ಟ ದೇಹಗಳನ್ನು ಅಗೆದು ತೆಗೆದರು. ಗುರುತು ಹಿಡಿಯಲು ಉಳಿದಿದ್ದದ್ದು ಹಲ್ಲು. ದವಡೆಯನ್ನು ಒಂದು ಸಣ್ಣ ಪೆಟ್ಟಿಗೆಯಲ್ಲಿಟ್ಟು ದುಭಾಷಿ ಯೆಲೆನಾ ರ್ಜೆವ್‌ಸ್ಕಾಯಾಳ ಕೈಗೆ ಕೊಟ್ಟರು. ಸುತ್ತಮುತ್ತ ವಿಜಯೋತ್ಸವ ನಡೆಯುತ್ತಿದ್ದರೆ ಆಕೆ ಪೆಟ್ಟಿಗೆ ಬಿಟ್ಟು ಕದಲುವಂತಿರಲಿಲ್ಲ. ಹಿಟ್ಲರ್‌ನ ದಂತವೈದ್ಯನ ಸಹಾಯಕಿ ಕೇಟೆ ಹಾಯ್ಸರ್‌ಮಾನ್ ಹಲ್ಲುಗಳನ್ನು ನೋಡಿ ಅವನವೇ ಎಂದಳು. ಸುದ್ದಿ ನೇರ ಸ್ಟಾಲಿನ್‌ಗೆ ಹೋಯಿತು. ಬರ್ಲಿನ್ ಗೆದ್ದ ಮಾರ್ಷಲ್ ಜುಕೋವ್‌ಗೆ ಯಾರೂ ಹೇಳಲಿಲ್ಲ! ಶವ ಸಿಕ್ಕಿಲ್ಲ ಎಂದು ಜೂನ್‌ನಲ್ಲಿ ಅವನು ಪತ್ರಕರ್ತರ ಮುಂದೆ ಹೇಳಿದ. ನಿಜ ತಿಳಿದದ್ದು ಇಪ್ಪತ್ತು ವರ್ಷದ ಮೇಲೆ, ಅದೂ ಅದೇ ದುಭಾಷಿಯಿಂದ.

ಹಾಯ್ಸರ್‌ಮಾನ್‌ಳನ್ನು ಸೋವಿಯತ್ ಒಕ್ಕೂಟಕ್ಕೆ ಒಯ್ದು ಸೆರೆಯಲ್ಲಿಟ್ಟರು. ಮುಂದೆ ಹತ್ತು ವರ್ಷದ ಶಿಕ್ಷೆಯೂ ಆಯಿತು. ಆರೋಪ: ಹಿಟ್ಲರ್‌ನ ಹಲ್ಲಿನ ಚಿಕಿತ್ಸೆಯಲ್ಲಿ ನೆರವಾಗಿ ಯುದ್ಧ ಲಂಬಿಸಲು ಕಾರಣಳಾದಳು.