ಪಟ್ವಾ ಅಂದರೆ ಕೆಟ್ಟ ಇಂಗ್ಲಿಷಾ?

ಪ್ರಶ್ನೆ: ಜಮೈಕದ ಭಾಷೆ ಇಂಗ್ಲಿಷ್ ಅಂತ ಓದಿದ್ದೆ. ಆದರೆ ಅಲ್ಲಿನ ಆಟಗಾರರು, ಹಾಡುಗಾರರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದು ಒಂದಕ್ಷರವೂ ತಿಳಿಯುವುದಿಲ್ಲ. ಅದಕ್ಕೆ ಪಟ್ವಾ ಅನ್ನುತ್ತಾರಂತೆ. ಅದು ವ್ಯಾಕರಣ ಕೆಟ್ಟ ಇಂಗ್ಲಿಷೋ, ಬೇರೆಯೇ ಭಾಷೆಯೋ? ಯಾವುದನ್ನು ಎಲ್ಲಿ ಆಡುತ್ತಾರೆ?

ಉತ್ತರ: ಬೇರೆಯೇ ಭಾಷೆ. ಪದಗಳಲ್ಲಿ ಹೆಚ್ಚಿನವು ಇಂಗ್ಲಿಷಿನಿಂದ ಬಂದವು, ಗೊಂದಲವೆಲ್ಲ ಹುಟ್ಟುವುದು ಅಲ್ಲಿಂದಲೇ. 1655ರಲ್ಲಿ ಇಂಗ್ಲಿಷರು ಸ್ಪೇನಿನವರಿಂದ ಆ ದ್ವೀಪವನ್ನು ಕಿತ್ತುಕೊಂಡರು. ಆಮೇಲೆ ಕಬ್ಬಿನ ತೋಟಗಳಿಗೆ ಪಶ್ಚಿಮ ಆಫ್ರಿಕದಿಂದ ಗುಲಾಮರನ್ನು ತಂದು ತುಂಬಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಆ ಜನ ಒಡೆಯರ ಪದಗಳನ್ನು ಎತ್ತಿಕೊಂಡು ತಮ್ಮ ನುಡಿಗಳ ಜಾಡಿನಲ್ಲಿ ಪೋಣಿಸಿದರು. 1845ರಿಂದ ಕೂಲಿ ಕರಾರಿನ ಮೇಲೆ ಭಾರತೀಯರೂ ಹೋದರು. ಅವರ ಜೊತೆ ಹೋದ 'ಗಾಂಜಾ' ಅನ್ನುವ ಪದ ಇವತ್ತಿಗೂ ಅಲ್ಲಿ ಅದೇ ಹೆಸರಿನಲ್ಲಿದೆ.

ಪಟ್ವಾದ ಕಟ್ಟು ಎಷ್ಟು ಬೇರೆ ಅನ್ನುವುದು ಇಂಗ್ಲಿಷ್ ಮಾತ್ರ ಬಲ್ಲವರಿಗಿಂತ ಕನ್ನಡಿಗರಿಗೆ ಬೇಗ ಹೊಳೆಯುತ್ತದೆ. 'ಇಮ್ ಟೆಲ್ ಮಿ ಸೆ ಇಮ್ ಅ ಕಮ್' ಅಂದರೆ 'ಬರುತ್ತಾ ಇದ್ದಾನೆ ಅಂತ ಹೇಳಿದ'. ನಡುವಿನ 'ಸೆ' ನಮ್ಮ 'ಅಂತ' ಮಾಡುವ ಕೆಲಸವನ್ನೇ ಮಾಡುತ್ತದೆ. ನಮ್ಮ 'ಎಂದು', 'ಅಂತ' ಹುಟ್ಟಿದ್ದು 'ಎನ್ನು' ಎಂಬ ಕ್ರಿಯಾಪದದಿಂದ. ಅಲ್ಲಿಯೂ ಹಾಗೆಯೇ, ಹೇಳುವ ಕ್ರಿಯಾಪದವೇ ಜೋಡಿಸುವ ಪದವಾಗಿದೆ. ಪಶ್ಚಿಮ ಆಫ್ರಿಕದ ಅಕಾನ್ ಭಾಷೆಯಲ್ಲೂ ಇದೇ ಜಾಗದಲ್ಲಿ 'ಸೆ' ಇದೆ. ಇನ್ನು 'ಅವನು ಮೇಷ್ಟ್ರು' ಅನ್ನುವಾಗ ನಮಗೆ ಕ್ರಿಯಾಪದ ಬೇಡ, 'ಅವನು ಮನೇಲಿದ್ದಾನೆ' ಅನ್ನುವಾಗ ಬೇಕು. ಇಂಗ್ಲಿಷ್ ಎರಡಕ್ಕೂ ಒಂದೇ ಪದ ಇಡುತ್ತದೆ. ಪಟ್ವಾದಲ್ಲಿ ಇವು ಬೇರೆಬೇರೆ: 'ಇಮ್ ಅ ಟೀಚಾ', 'ಇಮ್ ಡೆ ಅ ಯಾಡ್'. ಕಾಯಿಲೆಯಾಗಿದ್ದರೆ ಬರೀ 'ಇಮ್ ಸಿಕ್', ನಡುವೆ ಏನೂ ಇಲ್ಲ. ಹಲವರನ್ನು ಕರೆಯಲು 'ಉನು' ಇದೆ. ಇದನ್ನು ನಮ್ಮ 'ನೀವು' ಅಂದುಕೊಳ್ಳಬಹುದು, ಆದರೆ ಬಹುವಚನ ಮಾತ್ರ. ಒಬ್ಬರೇ ಹಿರಿಯರಿಗೆ ಮರ್ಯಾದೆಗೆಂದು 'ಉನು' ಅಂದರೆ ನಗುತ್ತಾರೆ.

ತಿನ್ನುವುದಕ್ಕೆ 'ಞಮ್' ಅನ್ನುವ ಪದವಿದೆ. ನಮ್ಮ ವರ್ಣಮಾಲೆಯಲ್ಲಿ ಸುಮ್ಮನೆ ಕೂತಿರುವ ಞಕಾರಕ್ಕೆ ಅಲ್ಲಾದರೂ ಒಂದು ಕೆಲಸ ಸಿಕ್ಕಿದೆ! 'ಮಿ ಅ ಞಮ್' ಅಂದರೆ ತಿನ್ನುತ್ತಾ ಇದ್ದೇನೆ, 'ಮಿ ಅ ಗೊ ಞಮ್' ಅಂದರೆ ಇನ್ನು ತಿನ್ನುತ್ತೇನೆ. ಏನೂ ಸೇರಿಸದೆ 'ಮಿ ಞಮ್' ಅಂದರೆ ಸಾಮಾನ್ಯವಾಗಿ 'ತಿಂದೆ', ಕೆಲಸ ಮುಗಿದಿದೆ. ಆದರೆ ತಿಳಿಯುವುದು, ಬೇಕಾಗುವುದು ಮುಂತಾದ ಕ್ರಿಯಾಪದಗಳಿಗೆ ಈ ನಿಯಮವಿಲ್ಲ. 'ಮಿ ನುವೊ' ಅಂದರೆ 'ನನಗೆ ಗೊತ್ತು', ಈಗಲೇ.

ಶಾಲೆಯಲ್ಲಿ ಎಡವಟ್ಟಾಗುವುದು ಇಲ್ಲಿ. ನಿನ್ನೆಯ ಸಂಗತಿ ಬರೆಯುವ ಮಗು ಇಂಗ್ಲಿಷ್ ಕ್ರಿಯಾಪದಕ್ಕೆ ಭೂತಕಾಲದ ಪ್ರತ್ಯಯ ಹಚ್ಚುವುದಿಲ್ಲ. ಮೇಷ್ಟ್ರು ಅಜಾಗರೂಕತೆ ಅಂತ ಕೆಂಪು ಗೆರೆ ಎಳೆಯುತ್ತಾರೆ. ಮಗು ಮಾತ್ರ ತನ್ನ ಮನೆಮಾತಿನ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ. ಸ್ಪ್ಯಾನಿಷ್ ಮನೆಮಾತಿನ ಮಗುವಾಗಿದ್ದರೆ ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಮೊದಲಿಂದ ಕಲಿಸುತ್ತಿದ್ದರು. ಪಟ್ವಾ ಇಂಗ್ಲಿಷಿನ ಹತ್ತಿರ ಇರುವುದರಿಂದ 'ಇದಕ್ಕೆ ಬರುತ್ತದೆ, ಸೋಮಾರಿತನ ಅಷ್ಟೆ' ಅನ್ನುವ ತೀರ್ಮಾನ. ದೂರದ ಭಾಷೆಗಿಂತ ಪಕ್ಕದ ಭಾಷೆ ಕಲಿಸುವುದೇ ಇಲ್ಲಿ ಕಷ್ಟವಾಗಿದೆ. ಶಿಕ್ಷಣ ಇಲಾಖೆಯ 2001ರ ಭಾಷಾನೀತಿ ನಾಡಿಗೆ ಎರಡು ಭಾಷೆಗಳಿವೆ ಅಂತ ಒಪ್ಪಿಕೊಂಡಿತು. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಮೋನಾ ಕ್ಯಾಂಪಸ್ಸಿನ ಜಮೈಕನ್ ಭಾಷಾ ಘಟಕ 2004ರಿಂದ ಕೆಲವು ಪ್ರಾಥಮಿಕ ಶಾಲೆಗಳಲ್ಲಿ ಎರಡರಲ್ಲೂ ಕಲಿಸುವ ಪ್ರಯೋಗ ಮಾಡಿತು. 'ಪಟ್ವಾ ಮನೆಯಲ್ಲೇ ಬರುತ್ತದೆ, ಅದಕ್ಕೆ ಶಾಲೆ ಯಾಕೆ? ಕೆಲಸ, ವೀಸಾ ಸಿಗುವುದು ಇಂಗ್ಲಿಷಿನಿಂದ' ಅನ್ನುವ ವಾದ ಅಲ್ಲಿ ಇವತ್ತಿಗೂ ಬಲವಾಗಿದೆ. ಆ ಭಯಕ್ಕೆ ನಗುವಂತಿಲ್ಲ, ಕನ್ನಡ ಮಾಧ್ಯಮದ ಜಗಳ ಕಂಡವರಂತೂ ನಗಲಾರರು. ಆದರೆ ಎರಡರ ಗಡಿ ಎಲ್ಲಿ ಅಂತ ತೋರಿಸದೆ ಇಂಗ್ಲಿಷ್ ಬರಲಿ ಅಂದರೆ ಬರುವುದು ಅರ್ಧ ಇಂಗ್ಲಿಷೇ.

ಇನ್ನು ಎಲ್ಲಿ ಯಾವುದು? ಕಾನೂನು, ಸಂಸತ್ತು, ಕೋರ್ಟು, ಬ್ಯಾಂಕಿನ ಫಾರಂ, ವಾರ್ತೆ, ಪರೀಕ್ಷೆ ಇಂಗ್ಲಿಷಿನವು. ಸಂತೆ, ಬಸ್ಸು, ಜಗಳ, ತಮಾಷೆ, ಡಾನ್ಸ್‌ಹಾಲ್ ಸಂಗೀತ ಪಟ್ವಾದವು. ಭಾಷಣ ಓದುವ ರಾಜಕಾರಣಿ ಚುನಾವಣಾ ವೇದಿಕೆಯಲ್ಲಿ ಚಪ್ಪಾಳೆ ಬೇಕಾದಾಗ ಪಟ್ವಾಕ್ಕೆ ಇಳಿಯುತ್ತಾನೆ. ಆದರೆ ಎರಡರ ನಡುವೆ ಗೋಡೆಯಿಲ್ಲ, ಏಣಿಯಿದೆ. 'ಐ ಆಮ್ ಈಟಿಂಗ್', 'ಅ ಈಟಿನ್', 'ಮಿ ಅ ಈಟ್', 'ಮಿ ಅ ಞಮ್': ಒಬ್ಬನೇ ಮನುಷ್ಯ ಎದುರಿಗಿರುವವರನ್ನು ನೋಡಿ ಒಂದೇ ದಿನದಲ್ಲಿ ಈ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಾನೆ. ಅಭ್ಯಾಸವಿಲ್ಲದ ಎತ್ತರಕ್ಕೆ ಹತ್ತಿ, ಬೇಡದ ಕಡೆಯೆಲ್ಲ ಹಕಾರ ಸೇರಿಸಿ ಮಾತಾಡುವವರಿಗೆ 'ಸ್ಪೀಕಿ ಸ್ಪೋಕಿ' ಅಂತ ಅಣಕ. ನಾವು ಟಸ್ ಪುಸ್ ಇಂಗ್ಲಿಷ್ ಅನ್ನುತ್ತೇವಲ್ಲ, ಹಾಗೆ.

ಭಾಷಾ ಘಟಕ 2005ರಲ್ಲಿ 1,000 ಜನರನ್ನು ಕೇಳಿದಾಗ ನೂರಕ್ಕೆ 70ರ ಆಸುಪಾಸು ಮಂದಿ ಇಂಗ್ಲಿಷಿನ ಜೊತೆ ಪಟ್ವಾಕ್ಕೂ ಅಧಿಕೃತ ಸ್ಥಾನ ಕೊಡಿ ಅಂದರು. ಆ ಸ್ಥಾನ ಕಾನೂನಿನಲ್ಲಿ ಇನ್ನೂ ಬಂದಿಲ್ಲ.

ಪಟ್ವಾ ಇಂಗ್ಲಿಷಿಗೆ ಇಷ್ಟು ಹತ್ತಿರ ಇರುವುದರ ಅಪಾಯ ಎಷ್ಟೆಂಬುದಕ್ಕೆ ಬ್ರಿಟನ್ನಿನ ಪೊಲೀಸ್ ವಿಚಾರಣೆಯೊಂದರ ಲಿಖಿತ ದಾಖಲೆ ಸಾಕ್ಷಿ. ಗುಂಡಿನ ಸದ್ದು ಕೇಳಿ 'ಮಿ ಡ್ರಾಪ್ ಅ ಗ್ರೌನ್', ಅಂದರೆ 'ನೆಲಕ್ಕೆ ಬಿದ್ದೆ', ಆಮೇಲೆ ಓಡಿದೆ ಅಂತ ಜಮೈಕದವನೊಬ್ಬ ಹೇಳಿದ್ದ. ಬರೆದುಕೊಂಡವರು 'ಗ್ರೌನ್' ಅನ್ನುವುದನ್ನು 'ಗನ್' ಮಾಡಿ, ಬಂದೂಕು ಕೆಳಗೆ ಹಾಕಿ ಓಡಿದ ಅಂತ ದಾಖಲಿಸಿದರು.

ಪಟ್ವಾ ಬರೆಯುವುದೂ ಎರಡು ಬಗೆ. ಇಂಗ್ಲಿಷ್ ಕಾಗುಣಿತವನ್ನು ಮನಬಂದಂತೆ ತಿರುಚಿ ಬರೆಯುವುದು 'ಚಕಾ ಚಕಾ', ಅಂದರೆ ಅಸ್ತವ್ಯಸ್ತ. ಭಾಷಾವಿಜ್ಞಾನಿ ಫ್ರೆಡರಿಕ್ ಕ್ಯಾಸಿಡಿ ರೂಪಿಸಿದ, ನುಡಿದಂತೆ ಬರೆಯುವ ಕ್ರಮ 'ಪ್ರಾಪಾ ಪ್ರಾಪಾ'. 2012ರಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆ ಪಟ್ವಾದಲ್ಲಿ ಅಚ್ಚಾದದ್ದು ಈ ಎರಡನೆಯ ಕ್ರಮದಲ್ಲಿ. ಮೊಬೈಲಿನಲ್ಲಿ ಮಾತ್ರ ಎಲ್ಲರೂ ಚಕಾ ಚಕಾ. 2024ರ ಜೂನ್‌ನಲ್ಲಿ ಗೂಗಲ್ ಅನುವಾದಕ್ಕೆ 110 ಭಾಷೆಗಳು ಒಟ್ಟಿಗೆ ಸೇರಿದಾಗ ಪಟ್ವಾ ಇತ್ತು, ನಮ್ಮ ತುಳುವೂ ಇತ್ತು.

ಕೆಲಸಕ್ಕೆಂದು, ಅದರಲ್ಲೂ ಆಸ್ಪತ್ರೆಗೆ, ಅಲ್ಲಿಗೆ ಹೋಗುವವರಿಗೆ ನಾಲ್ಕು ಮಾತು. 'ಫುಟ್' ಅಂದರೆ ತೊಡೆಯಿಂದ ಪಾದದವರೆಗೆ, ನಮ್ಮ 'ಕಾಲು' ಇದ್ದ ಹಾಗೆ. ಎಲ್ಲಿ ನೋವು ಅಂತ ಬೆರಳಿಟ್ಟು ತೋರಿಸಲು ಹೇಳಿ. 'ಶುಗರ್', 'ಪ್ರೆಷರ್' ನಮ್ಮವೇ. 'ಟೀ' ಅಂದರೆ ಬಿಸಿಯಾಗಿ ಕುಡಿಯುವ ಯಾವುದೂ ಆಗಬಹುದು, ಮೀನಿನ ಸಾರು ಕೂಡ. ಎಲ್ಲಕ್ಕಿಂತ ಮುಖ್ಯ ಸ್ವರದ ಉದ್ದ: ಹ್ರಸ್ವವಾಗಿ 'ಕ್ಯನ್' ಅಂದರೆ ಆಗುತ್ತದೆ, ಎಳೆದು 'ಕ್ಯಾನ್' ಅಂದರೆ ಆಗುವುದಿಲ್ಲ. ನಾವು ಇಂಗ್ಲಿಷಿನಲ್ಲಿ ಎಳೆದೇ ಹೇಳಿ ರೂಢಿ, ಹಾಗಾಗಿ ರೋಗಿ ಕೈ ಎತ್ತಲು ಆಗುವುದಿಲ್ಲ ಅಂದದ್ದು ನಮಗೆ ಆಗುತ್ತದೆ ಅಂತ ಕೇಳಿಸುತ್ತದೆ. ಸಂಶಯವಿದ್ದರೆ ಎತ್ತಿಸಿ ನೋಡಿ. ಮೊದಲ ದಿನವೇ ಪಟ್ವಾ ಆಡಲು ಹೋಗಬೇಡಿ, ಅಣಕಿಸಿದಂತೆ ಕಾಣುತ್ತದೆ. ಕೋಣೆಗೆ ಹೊಕ್ಕಾಗ ಕೂತವರಿಗೆಲ್ಲ ಕೇಳುವಂತೆ ಇಂಗ್ಲಿಷಿನಲ್ಲೇ ವಂದನೆ ಹೇಳಿದರೆ ಸಾಕು. ಕತ್ತಲಾದ ಮೇಲೆ ಒಳಗೆ ಬರುವವರು 'ಗುಡ್ ನೈಟ್' ಅಂದರೆ ಅವರು ಹೊರಟಿಲ್ಲ, ಈಗ ತಾನೇ ಬಂದಿದ್ದಾರೆ.